ರೂಸ್ವೆಲ್ಟ್-ಚರ್ಚಿಲ್ಲರ ಮೈತ್ರಿಯೂ ಬೆಂಗಳೂರೂ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್ವೆಲ್ಟರಿಗೂ ಇಂಗ್ಲೆಂಡಿನ ಪ್ರಧಾನಮಂತ್ರಿಗಳಾಗಿದ್ದ ವಿನ್ಸ್ಟನ್ ಚರ್ಚಿಲ್ಲರಿಗೂ ಇದ್ದ ಮೈತ್ರಿಯನ್ನು ಕುರಿತು ಗ್ರಂಥಗಳು ಹೇರಳವಾಗಿ ಹೊರಟಿವೆ. ಇವರಿಬ್ಬರ ನಡುವೆ ನಡೆದ ಪತ್ರಗಳೂ ತಂತಿಗಳೂ ಸಾವಿರದ ಮೇಲ್ಪಟ್ಟು ಉಳಿದು ಬಂದಿವೆ. ಹಡಗು, ವಿಮಾನ, ಸೈನ್ಯಸಂಚಾರ ಮುಂತಾದ ವಿಷಯಗಳಲ್ಲಿ ಉಂಟಾದ ಭಿನ್ನಾಭಿಪ್ರಾಯಗಳನ್ನು ಅವರು ಮಾತಿನಿಂದಲೇ ತೀರಿಸಿಕೊಂಡರು. ಮಾತಿಗೆ ಎಡೆಯಿಲ್ಲದೆ ಹೋದ ವಿಷಯಗಳಲ್ಲಿ ಮುಖ್ಯವಾದುದು ಭಾರತದ ಸ್ವಾತಂತ್ರ್ಯ. ಈ ಪ್ರಸಂಗವನ್ನು ವಿವರಿಸುವವರು ಲಂಡನ್, ವಾಷಿಂಗ್ಟನ್, ದೆಹಲಿ ಎಂಬ ಮೂರು ನಗರಗಳನ್ನು ಮಾತ್ರ ಲಕ್ಷ್ಯದಲ್ಲಿಟ್ಟುಕೊಳ್ಳುವುದು ವಾಡಿಕೆ. ಬೆಂಗಳೂರನ್ನೂ ಅವುಗಳ ಜತೆಗೆ ಸೇರಿಸಿ ನೋಡಿದರೆ, ಅಧ್ಯಕ್ಷರ ಬುದ್ಧಿಮಾತಿಗೆ ಬಾಗಿಲು ಮುಚ್ಚಿದ ಇಂಗ್ಲೆಂಡು ಅದೇ ದಿನಗಳಲ್ಲಿ ಅಧ್ಯಕ್ಷರ ಯಂತ್ರಗಳಿಗೆ ಹೇಗೆ ಬಾಗಿಲು ತೆರೆಯಿತೆಂಬುದು ಸ್ಪಷ್ಟವಾಗುತ್ತದೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಚರ್ಚಿಲ್ಲರು ಬೆಂಗಳೂರಿಗೆ ಬಂದುದು ೧೮೯೬ರಲ್ಲಿ. ಆಗ ಅವರಿಗೆ ಇಪ್ಪತ್ತೆರಡು ವರ್ಷ ಇನ್ನೂ ತುಂಬಿರಲಿಲ್ಲ. ನಾಲ್ಕನೆಯ ಹುಸಾರ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ದಂಡಿನಲ್ಲಿ ಇಬ್ಬರು ಸ್ನೇಹಿತರೊಡನೆ ಬಂಗಲೆಯೊಂದನ್ನು ಹಿಡಿದು ಅವರು ವಾಸಮಾಡಿದರು. ಬೆಳಗ್ಗೆ ಕವಾಯಿತು, ಸಂಜೆ ಪೋಲೋ. ನಡುವಣ ದೀರ್ಘವಾದ ಬಿಡುವಿನಲ್ಲಿ ಗಿಬ್ಬನ್, ಮೆಕಾಲೆ, ಪ್ಲೇಟೋ, ಡಾರ್ವಿನ್ ಮೊದಲಾದವರ ಗ್ರಂಥಗಳ ವ್ಯಾಸಂಗ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ಈ ಯುವಕನಿಗೆ ಬೆಂಗಳೂರೇ ವಿಶ್ವವಿದ್ಯಾನಿಲಯವಾಯಿತೆಂದು ಹೇಳಬಹುದು. ೧೮೯೭ರಲ್ಲಿ ವಾಯವ್ಯ ಗಡಿಯ ಮಲಕಂಡ ಪ್ರಾಂತದ ಯುದ್ಧಕ್ಕೆ ಹೋಗಿ ಹಿಂತಿರುಗಿ, ತಮ್ಮ ಮೊದಲನೆಯ ಪುಸ್ತಕವನ್ನು ಅವರು ಇಲ್ಲಿಯೇ ಬರೆದರು. ಅದು ೧೮೯೮ರಲ್ಲಿ ಪ್ರಕಟವಾಯಿತು. ಮರುವರ್ಷದ ಆರಂಭದಲ್ಲಿ ಮೀರತ್ತಿನ ಪೋಲೋ ಪಂದ್ಯದಲ್ಲಿ ದಳದೊಡನೆ ಗೆದ್ದು, ಸೈನ್ಯವನ್ನು ಬಿಡುವ ನಿಶ್ಚಯದಿಂದ ಅವರು ಸ್ವದೇಶಕ್ಕೆ ಹೊರಟುಹೋದರು. ಬೆಂಗಳೂರು ಕ್ಲಬ್ಬಿನ ೧೮೯೯ನೆಯ ಜೂನ್ ತಿಂಗಳ ಲೆಕ್ಕದ ಪುಸ್ತಕದಲ್ಲಿ ಬಾಕಿದಾರರ ಹೆಸರುಗಳ ನಡುವೆ ಲೆಫ್ಟಿನೆಂಟ್ ಚರ್ಚಿಲ್ಲರ ಹೆಸರೂ ಅದರೆದುರಿಗೆ ಹದಿಮೂರು ರೂಪಾಯಿಗಳೂ ಇರುವುದನ್ನು ನಮ್ಮ ಊರಿನವರು ನಕ್ಕು ಹೇಳಿಕೊಳ್ಳುವುದುಂಟು. ವಿನೋದಕ್ಕೆ ಅದು ಒಳ್ಳೆಯದು. ಇತಿಹಾಸಕ್ಕೆ ಅದರಿಂದ ಆಗುವ ಪ್ರಯೋಜನ ಅಲ್ಪ.

ಇತಿಹಾಸಕ್ಕೆ ಬೇಕಾದ ಸಂಗತಿಯು ಬೇರೆ. ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರ ಮನೆತನಕ್ಕೆ ಹಿಂತಿರುಗಿದಾಗ ಬೆಂಗಳೂರಿನ ದಂಡಿನ ಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಪೇಟೆಯೂ ದಂಡೂ ಒಂದೇ ಊರೆಂದು ಕರೆಯಿಸಿಕೊಂಡರೂ ಎರಡು ಆಡಳಿತಗಳಿಗೆ ಸೇರಿದ ಎರಡು ಲೋಕಗಳಾಗಿದ್ದವು. ಚರ್ಚಿಲ್ಲರು ೧೯೩೦ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಬೆಂಗಳೂರಿನ ಹವೆಯೂ ಅವರು ಬೆಳೆಸಿದ ಗುಲಾಬಿಗಳೂ ಅವರು ಹಿಡಿದ ಚಿಟ್ಟೆಗಳೂ ವಿಸ್ತಾರವಾಗಿ ಬರುತ್ತವೆ. ಈ ದೇಶದ ಜನರಾದರೋ ಬಹುಮಟ್ಟಿಗೆ ಬಟ್ಲರನಾಗಿಯೂ ಕುದುರೆಯ ಚಾಕರನಾಗಿಯೂ ಕಾಣಿಸಿಕೊಳ್ಳುತ್ತಾರೆ. ದಂಡಿನಿಂದ ಹತ್ತು ಮೈಲಿಯೊಳಗೆ ದಕ್ಷಿಣದಲ್ಲಿದ್ದ ಪುಟ್ಟೇನಹಳ್ಳಿಯಂತಹ ಕೆರೆಯ ಕೆಳಗಣ ಗ್ರಾಮಗಳಲ್ಲಿ ಒಕ್ಕಲಿಗನು ಹೇಗೆ ಬಾಳುತ್ತಿದ್ದನು, ಪೇಟೆಯ ನೇಕಾರನು ಏನನ್ನು ಯೋಚಿಸುತ್ತಿದ್ದನು ಎಂಬುದು ಆ ಬಂಗಲೆಯ ಜಗುಲಿಗೆ ಕಾಣುವಂತಿರಲಿಲ್ಲ. ಚರ್ಚಿಲ್ಲರ ಭಾರತನೀತಿಯು ಬೆಂಗಳೂರಿನಲ್ಲಿಯೇ ರೂಪುಗೊಂಡಿತೆಂದು ಕೆಲವರು ಸಾಧಿಸುತ್ತಾರೆ. ಅಷ್ಟು ದೂರ ಹೋಗುವುದು ಸಾಹಸವೆಂದು ನನ್ನ ಅಭಿಪ್ರಾಯ. ಅವರ ದಂಡಿನಲ್ಲಿದ್ದ ಇತರ ಯುವಕರೆಲ್ಲರೂ ಮುಂದೆ ಅದೇ ಅಭಿಪ್ರಾಯವನ್ನು ಹಿಡಿದರೆಂದು ಹೇಳಲಾಗದು. ಆದರೆ ೧೮೯೯ರಲ್ಲಿ ಬಿಟ್ಟುಹೋದ ಭಾರತವನ್ನು ಅವರು ಮತ್ತೆ ಬಂದು ನೋಡಲಿಲ್ಲವೆಂಬುದು ನಿರ್ವಿವಾದವಾದುದು. ೧೯೩೧ರಲ್ಲಿ ಗಾಂಧಿಯವರು ವೈಸರಾಯರೊಡನೆ ಸರಿಸಮನಾಗಿ ಮಾತನಾಡಿದುದನ್ನು ಹಳಿದಾಗಲೂ, ೧೯೩೫ರ ಭಾರತ ಶಾಸನವನ್ನು ವಿರೋಧಿಸಿದಾಗಲೂ, ಅವರ ಕಣ್ಣೆದುರಿಗಿದ್ದುದು ಆ ಹಳೆಯ ಭಾರತವೇ.

ಇನ್ನು ರೂಸ್ವೆಲ್ಟರ ಕಡೆಗೆ ಬರೋಣ. ೧೯೪೧ನೆಯ ಆಗಸ್ಟ್ ತಿಂಗಳಲ್ಲಿ ನ್ಯೂಫೌಂಡ್‌ಲೆಂಡಿನ ಕೊಲ್ಲಿಯೊಂದರಲ್ಲಿ ಯುದ್ಧನೌಕೆಗಳ ಮೇಲೆ ಇಬ್ಬರೂ ಕಲೆತು ಅಟ್ಲಾಂಟಿಕ್ ಸನ್ನದನ್ನು ಪ್ರಕಟಿಸಿದರು. ಪ್ರತಿಯೊಂದು ಜನಾಂಗಕ್ಕೂ ತಾನು ಯಾವ ಸರ್ಕಾರದ ಕೆಳಗೆ ಬಾಳಬೇಕೆಂಬುದನ್ನು ಆರಿಸಿಕೊಳ್ಳುವ ಹಕ್ಕುಂಟೆಂದು ಅದರ ಮೂರನೆಯ ಕಲಮು ಸಾರುತ್ತದೆ. ತಿಂಗಳು ಕಳೆಯುವುದರೊಳಗಾಗಿ, ಸೆಪ್ಟೆಂಬರ್ ೯ರಂದು, ಚರ್ಚಿಲ್ಲರು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಆ ಕಲಮು ಜರ್ಮನರ ವಶವಾದ ಯೂರೋಪಿನ ರಾಷ್ಟ್ರಗಳನ್ನು ಉದ್ದೇಶಿಸಿದ್ದೆಂದೂ ಭಾರತ, ಬರ್ಮಾ ದೇಶಗಳಲ್ಲಿ ಬ್ರಿಟಿಷರ ನೀತಿಯು ಬೇರೆಯಾಗಿ ನಿಶ್ಚಿತವಾಗಿದೆಯೆಂದೂ ವಿವರಿಸಿದರು. ಒಂದೇ ಸನ್ನದಿಗೆ ಬರೆದ ಇಬ್ಬರೇ ಎರಡು ಅರ್ಥ ಹೇಳುವಂತಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚರ್ಚಿಲ್ಲರು ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷರ ಭವನದಲ್ಲಿಯೇ ಅತಿಥಿಯಾಗಿ ತಂಗಿದ್ದಾಗ ರೂಸ್ವೆಲ್ಟರು ಭಾರತದ ಮಾತನ್ನೆತ್ತಿದರು. ತಾವು ಕೊಟ್ಟ ಉತ್ತರವು ಎಷ್ಟು ತೀವ್ರವೂ ದೀರ್ಘವೂ ಆಗಿತ್ತೆಂದರೆ ಅಧ್ಯಕ್ಷರು ಮತ್ತೆ ಎದುರಿಗೆ ಆ ಮಾತನ್ನು ಎತ್ತಲಿಲ್ಲವೆಂದು ಚರ್ಚಿಲ್ಲರೇ ತಮ್ಮ ಯುದ್ಧೇತಿಹಾಸದಲ್ಲಿ ತೃಪ್ತಿಯಿಂದ ಬರೆದುಕೊಂಡಿದ್ದಾರೆ.

ಎದುರಿಗೆ ಎತ್ತದಿದ್ದುದನ್ನು ರೂಸ್ವೆಲ್ಟರು ಕಾಗದದಲ್ಲಿ ಎತ್ತಿದರು. ೧೯೪೨ನೆಯ ಫೆಬ್ರವರಿ ೧೫ರಂದು ಸಿಂಗಪುರವು ಬಿದ್ದಿತು. ಮಾರ್ಚಿ ೮ರಂದು ರಂಗೂನು ಜಪಾನೀಯರ ಕೈಸೇರಿತು. ಮಾರ್ಚಿ ೧೦ರಂದು ಬರೆದ ಪತ್ರದಲ್ಲಿ ರೂಸ್ವೆಲ್ಟರು ತಮ್ಮ ದೇಶದ ಪೂರ್ವಚರಿತ್ರೆಯನ್ನೇ ನಿದರ್ಶನವಾಗಿ ತೆಗೆದುಕೊಂಡರು. ಇಂಗ್ಲೆಂಡಿನಿಂದ ಬಿಡುಗಡೆ ಪಡೆದ ಹದಿಮೂರು ವಸಾಹತುಗಳು ೧೭೮೯ರಲ್ಲಿ ಸ್ಥಿರವಾದ ರಾಜ್ಯಾಂಗವು ಜಾರಿಗೆ ಬರುವವರೆಗೂ ತಾತ್ಕಾಲಿಕವಾದ ಒಕ್ಕೂಟವೊಂದನ್ನು ಕಟ್ಟಿಕೊಂಡು ನಡೆದುವಷ್ಟೆ. ಭಾರತದಲ್ಲಿಯೂ ಅದರಂತೆ ನಾನಾ ಜಾತಿ, ಮತ, ಪ್ರಾಂತಗಳ ಪ್ರತಿನಿಧಿಗಳಿಂದ ಕೂಡಿದ ತಾತ್ಕಾಲಿಕ ಸರ್ಕಾರವೊಂದನ್ನು ಸ್ಥಾಪಿಸಬಾರದೇಕೆ ಎಂಬುದು ಅವರ ಸೂಚನೆಯ ಸಾರಾಂಶ. ದೇಶೀಯ ಸಂಸ್ಥಾನಗಳು, ಕೋಮುಗಳ ವೈಮನಸ್ಯ ಇವುಗಳಿಂದ ತೊಡಕಾದ ಭಾರತಕ್ಕೆ ಹದಿನೆಂಟನೆಯ ಶತಮಾನದ ಅಮೆರಿಕದ ಉಪಮಾನವು ಪೂರ್ಣವಾಗಿ ಹೊಂದುವುದಿಲ್ಲವೆಂಬುದು ನಿಜ. ಚರ್ಚಿಲ್ಲರು ಹಿಡಿದುಕೊಂಡುದೂ ಇದೇ ದೋಷವನ್ನೇ. ಆದರೂ ತಾತ್ಕಾಲಿಕ ಸರ್ಕಾರವೆಂಬ ತಿರುಳು ಮಾತ್ರ ಅಸಾಧ್ಯವಾದುದಾಗಿರಲಿಲ್ಲ. ೧೯೪೬ರಲ್ಲಿ ಬ್ರಿಟಿಷರು ಕೈಕೊಂಡುದು ಬಹುಮಟ್ಟಿಗೆ ಅಂತಹ ಉಪಾಯವನ್ನೇ.

ಮರುದಿನವೇ ಕ್ರಿಪ್ಸ್ ಆಯೋಗವು ಪ್ರಕಟವಾಯಿತು. ಅದರ ಸಂಧಾನವು ರಕ್ಷಣಾ ಖಾತೆಯ ಅಧಿಕಾರ ಯಾರದೆಂಬ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದಾಗ, ಏಪ್ರಿಲ್ ೩ರಂದು, ರೂಸ್ವೆಲ್ಟರ ಸ್ವಂತ ಪ್ರತಿನಿಧಿಯಾಗಿ ಕರ್ನಲ್ ಲೂಯಿ ಜಾನ್ಸನ್ನರು ದೆಹಲಿಗೆ ಬಂದರು. ನೆಹರೂ ಅವರೊಡನೆಯೂ ಕ್ರಿಪ್ಸರೊಡನೆಯೂ ಕುಳಿತು ಇಬ್ಬರೂ ಒಪ್ಪಬಹುದಾದ ಒಂದು ಸೂತ್ರವನ್ನು ಅವರು ಹುಡುಕಿದರು. ವಾರ್ತೆ ಲಂಡನ್ನಿಗೆ ಮುಟ್ಟಿದಾಗ ಚರ್ಚಿಲ್ಲರು ಅಲ್ಲಿಯೇ ಇದ್ದ ರೂಸ್ವೆಲ್ಟರ ಆಪ್ತ ಹ್ಯಾರಿ ಹಾಪ್ಕಿನ್ಸರನ್ನು ವಿಚಾರಿಸಿದರು. ಜಾನ್ಸನ್ನರಿಗೆ ಒಪ್ಪಿಸಿದ ಕೆಲಸ ಯುದ್ಧಸಾಮಗ್ರಿಯ ವಿಷಯದ್ದು, ರಾಜ್ಯಾಂಗದ ವಿಷಯದ್ದಲ್ಲ ಎಂಬ ಉತ್ತರವು ದೊರೆಯಿತು. ಚರ್ಚಿಲ್ಲರಿಗೆ ಅಷ್ಟೇ ಸಾಕಾಗಿತ್ತು. ಏಪ್ರಿಲ್ ೧೦ರಂದು ಸಂಧಾನ ಮುರಿಯಿತು. ಕ್ರಿಪ್ಸರನ್ನು ಇನ್ನು ಕೆಲವು ದಿನ ದೆಹಲಿಯಲ್ಲಿ ನಿಲ್ಲಿಸಿ ಕೊನೆಯ ಪ್ರಯತ್ನ ಮಾಡಬೇಕೆಂದು ರೂಸ್ವೆಲ್ಟರು ಕಳುಹಿಸಿದ ತಂತಿಯು ಕೈಸೇರಿದ ರಾತ್ರಿ ಚರ್ಚಿಲ್ಲರು ಕೆಂಡವಾದರು. ಪ್ರಧಾನಪದವಿಗೆ ರಾಜೀನಾಮೆ ಕೊಡಲೂ ಸಿದ್ಧವೆಂದು ಹಾಪ್ಕಿನ್ಸರ ಎದುರಿಗೆ ನುಡಿದರು. ರೂಸ್ವೆಲ್ಟರು ಮುಂದೆ ಒತ್ತಲಿಲ್ಲ.

ಯುದ್ಧಸಾಮಗ್ರಿ, ರಾಜ್ಯಾಂಗವಲ್ಲ: ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಹಿಂತಿರುಗಬೇಕು.

ಮೈಸೂರಿಗೆ ಅಮೆರಿಕದ ಯಂತ್ರಗಳು ಹೊಸವಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಹರಿಸಿದಾಗ ವಿದ್ಯುದ್ಯಂತ್ರಗಳು ಬಂದುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ. ಆದರೆ ಅದು ಬರಿಯ ವ್ಯಾಪಾರ. ೧೮೮೧ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ಬೇರೆ ಯಾವ ರಾಜ್ಯದೊಡನೆಯೂ ನೇರವಾಗಿ ವ್ಯವಹರಿಸುವಂತಿರಲಿಲ್ಲ. ರಾಯಭಾರವೆಂಬುದು ಅದಕ್ಕೆ ನಿಷಿದ್ಧವಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಅಮೆರಿಕ, ಯೂರೋಪುಗಳನ್ನು ಸುತ್ತಿ ಸಿದ್ಧಪಡಿಸಿದ ಮೋಟಾರು ಕಾರ್ಖಾನೆಯ ಯೋಜನೆಯಲ್ಲಿ ಮೈಸೂರು ಸರ್ಕಾರವು ಪಾಲುಗೊಳ್ಳಲು ಭಾರತ ಸರ್ಕಾರದ ಸಮ್ಮತಿ ದೊರೆಯದೆ ಅದು ಬೆಂಗಳೂರಿನಲ್ಲಿ ನೆಲೆಯೂರದೆ ಹೋಯಿತು. ವಿಮಾನದ ಕಾರ್ಖಾನೆಗೆ ಮಾತ್ರ ಯುದ್ಧವು ದಾರಿಮಾಡಿಕೊಟ್ಟಿತು. ಮುಂಬಯಿಯ ಉದ್ಯಮಿಗಳಾದ ವಾಲ್‌ಚಂದ್ ಹೀರಾಚಂದರು ಚೀನಾ ದೇಶದಲ್ಲಿ ವಿಮಾನ ಕಾರ್ಖಾನೆಯನ್ನು ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿಯವರನ್ನು ಜತೆಗೂಡಿಸಿಕೊಂಡರು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್‌ರವರು ಭೂಮಿಯನ್ನೂ ಬಂಡವಾಳದ ಪಾಲನ್ನೂ ಒದಗಿಸಿದರು. ೧೯೪೦ನೆಯ ಡಿಸೆಂಬರ್ ೨೩ರಂದು ನಾಲ್ಕು ಕೋಟಿ ರೂಪಾಯಿಗಳ ಅಧಿಕೃತ ಬಂಡವಾಳದಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಹೊರಡಿಸಿದ ಬಂಡವಾಳ ನಲವತ್ತು ಲಕ್ಷ. ೧೯೪೧ನೆಯ ಮಾರ್ಚಿಯಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಹಾರ್ಲೋ ಎಂಬ ಶಿಕ್ಷಣವಿಮಾನ, ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ, ವಲ್ಟೀ ಎಂಬ ಬಾಂಬುವಿಮಾನ ಇವುಗಳನ್ನು ಕಟ್ಟುವುದೆಂದು ನಿಶ್ಚಯವಾಯಿತು. ಮೂರೂ ಅಮೆರಿಕದ ಮಾದರಿಗಳು. ಸಂಸ್ಥಾನಕ್ಕೆ ನಿಷಿದ್ಧವಾಗಿದ್ದ ಸಂಬಂಧವು ಕಂಪೆನಿಯೊಂದರ ರೂಪದಲ್ಲಿ ಹೀಗೆ ಕೈಗೂಡಿತು. ಮಿರ್ಜಾರವರ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಜಾನ್ಸನ್ನರು ದೆಹಲಿಗೆ ಬರುವ ಹಿಂದಿನ ದಿನ, ೧೯೪೨ನೆಯ ಏಪ್ರಿಲ್ ೨ರಂದು, ಭಾರತ ಸರ್ಕಾರವು ವಾಲ್‌ಚಂದರ ಪಾಲನ್ನು ಕೊಂಡು ಕಾರ್ಖಾನೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮೈಸೂರು ತನ್ನ ಪಾಲನ್ನು ಮಾರದೆ, ಆಡಳಿತದಲ್ಲಿ ಮಾತ್ರ ಮೌನ ಪಾಲುದಾರನಾಗಿ ಉಳಿಯಿತು. ರಕ್ಷಣಾ ಖಾತೆಯು ಭಾರತೀಯರ ಕೈಗೆ ಬರಬೇಕೋ ಬೇಡವೋ ಎಂದು ದೆಹಲಿಯಲ್ಲಿ ವಾದ ನಡೆಯುತ್ತಿದ್ದ ವಾರದಲ್ಲಿಯೇ, ಭಾರತೀಯನೊಬ್ಬನು ಕಟ್ಟಿದ ವಿಮಾನ ಕಾರ್ಖಾನೆಯು ಸದ್ದಿಲ್ಲದೆ ಸರ್ಕಾರದ ವಶವಾಯಿತು. ಈ ಎರಡು ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಿದವರು ವಿರಳ. ಏಪ್ರಿಲ್ ೬ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನೀ ಬಾಂಬುಗಳು ಬಿದ್ದುದನ್ನು ನೆನೆದರೆ ಸರ್ಕಾರದ ಆತುರಕ್ಕೆ ಕಾರಣವಿಲ್ಲದಿರಲಿಲ್ಲವೆಂದು ಒಪ್ಪಬೇಕು.

ಆಗಸ್ಟ್ ೮ರಂದು ‘ಭಾರತ ಬಿಟ್ಟು ತೊಲಗಿ’ ನಿರ್ಣಯವಾಯಿತು. ಅದಕ್ಕೆ ಮೊದಲು, ಜುಲೈ ೧ರಂದು, ಗಾಂಧಿಯವರು ರೂಸ್ವೆಲ್ಟರಿಗೆ ಪತ್ರ ಬರೆದು, ಭಾರತವೂ ಆಫ್ರಿಕವೂ ಪರಾಧೀನವಾಗಿರುವಷ್ಟು ಕಾಲ, ಅಮೆರಿಕದಲ್ಲಿಯೇ ನೀಗ್ರೋಗಳ ಸಮಸ್ಯೆ ಉಳಿದಿರುವಷ್ಟು ಕಾಲ, ಸ್ವಾತಂತ್ರ್ಯಕ್ಕಾಗಿ ಯುದ್ಧವೆಂಬ ಮಾತು ಟೊಳ್ಳಾಗಿ ಕೇಳಿಸುವುದೆಂದು ತಿಳಿಸಿದ್ದರು. ಬಂದ ಉತ್ತರವು ವಿನಯಪೂರ್ಣವಾಗಿತ್ತು. ಅದರಲ್ಲಿ ಬೇರೇನೂ ಇರಲಿಲ್ಲ. ಮೈಸೂರಿನಲ್ಲಿಯೂ ಕಿಚ್ಚು ಹಬ್ಬಿತು. ಶಿವಮೊಗ್ಗ ಜಿಲ್ಲೆಯ ಈಸೂರಿನ ಜನರು ತಮ್ಮ ಗ್ರಾಮವನ್ನು ಸ್ವತಂತ್ರವೆಂದು ಸಾರಿಕೊಂಡರು. ಸೆಪ್ಟೆಂಬರಿನಲ್ಲಿ ಅಲ್ಲಿ ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಹತರಾದರು. ೧೯೪೩ನೆಯ ಮಾರ್ಚಿಯಲ್ಲಿ ಆ ಊರಿನ ಐವರನ್ನು ಬೆಂಗಳೂರಿನ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಆ ಶಿಕ್ಷೆಯು ಮೈಸೂರು ಸರ್ಕಾರದ್ದೇ ಹೊರತು ಲಂಡನ್ನಿನದಲ್ಲ; ಆದರೂ ಆ ಕಾಲದ ಗಾಳಿ ಎಲ್ಲಿಂದ ಬೀಸುತ್ತಿದ್ದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೂಸ್ವೆಲ್ಟರ ಎರಡನೆಯ ಪ್ರತಿನಿಧಿಗಳಾದ ವಿಲಿಯಂ ಫಿಲಿಪ್ಸರು ೧೯೪೩ನೆಯ ಜನವರಿಯಲ್ಲಿ ದೆಹಲಿಗೆ ಬಂದರು. ಇವರು ನುರಿತ ರಾಯಭಾರಿಗಳು, ಇಂಗ್ಲೆಂಡಿನ ಮೇಲೆ ಆದರವುಳ್ಳವರು. ಫೆಬ್ರವರಿ ೧೦ರಿಂದ ಮೂರು ವಾರ ಗಾಂಧಿಯವರು ಸೆರೆಯಲ್ಲಿ ಉಪವಾಸಮಾಡಿದರು. ಅವರನ್ನು ಕಾಣಲು ಫಿಲಿಪ್ಸರಿಗೆ ವೈಸರಾಯರು ಅನುಮತಿ ಕೊಡಲಿಲ್ಲ. ಭಾರತೀಯರ ಮನಸ್ಸನ್ನು ಒಲಿಸಿಕೊಳ್ಳದೆ ಜಪಾನಿನ ಮೇಲಣ ಯುದ್ಧಕ್ಕೆ ಅವರಿಂದ ಹೃತ್ಪೂರ್ವಕವಾದ ನೆರವು ದೊರೆಯಲಾರದೆಂದು ಫಿಲಿಪ್ಸರು ಅಧ್ಯಕ್ಷರಿಗೆ ಬರೆದ ಪತ್ರವು ಮರುವರ್ಷ ಅಮೆರಿಕದ ಪತ್ರಿಕೆಗಳಲ್ಲಿ ಹೊರಬಿದ್ದು ಲಂಡನ್ನಿನಲ್ಲಿ ಕೋಲಾಹಲವೆಬ್ಬಿಸಿತು. ರೂಸ್ವೆಲ್ಟರು ಆ ಪತ್ರವನ್ನು ಹಿಡಿದುಕೊಂಡು ಚರ್ಚಿಲ್ಲರನ್ನು ಒತ್ತಾಯಪಡಿಸಿದ ಕುರುಹಿಲ್ಲ. ಯೂರೋಪಿನ ಯುದ್ಧವು ಗೆಲ್ಲಬೇಕಾಗಿತ್ತು. ಆ ಗೆಲುವಿಗೆ ಚರ್ಚಿಲ್ಲರು ಬೇಕಾಗಿದ್ದರು. ರೂಸ್ವೆಲ್ಟರು ಭಾರತದ ಹಿತಚಿಂತಕರಾಗಿರಲಿಲ್ಲವೆಂದು ಹೇಳುವುದು ಅನ್ಯಾಯ. ಆ ಹಿತಕ್ಕಾಗಿ ತಮ್ಮ ಮೈತ್ರಿಯನ್ನು ಪಣಕ್ಕಿಡಲು ಸಿದ್ಧರಿದ್ದರೆಂದು ಹೇಳುವುದು ಅಸತ್ಯ.

ಫಿಲಿಪ್ಸರು ಹಿಂತಿರುಗಿದ ಕೆಲವೇ ತಿಂಗಳುಗಳಲ್ಲಿ, ೧೯೪೩ನೆಯ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಕಾರ್ಖಾನೆಯ ಆಡಳಿತವು ಅಮೆರಿಕದ ಹತ್ತನೆಯ ವಾಯುಪಡೆಗೆ ಹಸ್ತಾಂತರವಾಯಿತು. ಸೆರೆಮನೆಯೊಂದರ ಬಾಗಿಲಲ್ಲಿ ಅಧ್ಯಕ್ಷರ ಪ್ರತಿನಿಧಿಯನ್ನು ತಡೆದ ಸರ್ಕಾರವೇ ಅಧ್ಯಕ್ಷರ ಸೈನ್ಯಕ್ಕೆ ಕಾರ್ಖಾನೆಯನ್ನು ಇಡಿಯಾಗಿ ಒಪ್ಪಿಸಿತು. ‘ಎಂಬತ್ತನಾಲ್ಕನೆಯ ವಾಯು ಡಿಪೋ’ ಎಂಬುದು ಅದರ ಹೊಸ ಹೆಸರು. ಹೊಸ ವಿಮಾನಗಳನ್ನು ಕಟ್ಟುವ ಕೆಲಸವು ಹಿಂದೆ ಸರಿದು, ಭಾರತ, ಬರ್ಮಾ ರಂಗದಲ್ಲಿ ಜಖಂಗೊಂಡ ಅಮೆರಿಕದ ವಿಮಾನಗಳನ್ನು ಬಿಚ್ಚಿ, ಸರಿಪಡಿಸಿ, ಮರಳಿ ಕಳುಹಿಸುವುದೇ ಮುಖ್ಯವಾಯಿತು. ಮೊದಲು ದುರಸ್ತಿಯಾದುದು ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನ. ಈ ಕೆಲಸದಲ್ಲಿ ಅಮೆರಿಕನರ ಜತೆಗೆ ದುಡಿದವರು ಈ ದೇಶದ ಕೆಲಸಗಾರರು. ಅವರ ಕೈಗೆ ಬಂದ ವಿದ್ಯೆಯನ್ನು ಯಾವ ತಂತಿಯಲ್ಲಿಯೂ ಯಾರೂ ಕೇಳಿರಲಿಲ್ಲ, ಯಾರೂ ನಿರಾಕರಿಸಿರಲೂ ಇಲ್ಲ.

೧೯೪೫ನೆಯ ಏಪ್ರಿಲ್ ೧೨ರಂದು ರೂಸ್ವೆಲ್ಟರು ತೀರಿಕೊಂಡರು. ಜುಲೈ ತಿಂಗಳಲ್ಲಿ ಚರ್ಚಿಲ್ಲರು ಚುನಾವಣೆಯಲ್ಲಿ ಸೋತರು. ಬಳಿಕ ಭಾರತದ ಪ್ರಶ್ನೆಯನ್ನು ಅಟ್ಲೀಯವರ ಸರ್ಕಾರವು ತೀರ್ಮಾನಿಸಿದುದು ಅಧ್ಯಕ್ಷ ಟ್ರೂಮನ್ನರ ಬುದ್ಧಿವಾದದಿಂದಲ್ಲ. ಬರಿದಾದ ಬೊಕ್ಕಸವೂ ಭಾರತೀಯರ ಹೋರಾಟವೂ ಅದಕ್ಕೆ ಮುಖ್ಯ ಕಾರಣಗಳು. ಚರ್ಚಿಲ್ಲರು ವಾಸವಾಗಿದ್ದ ದಂಡಿನ ಪ್ರದೇಶವು ೧೯೪೭ನೆಯ ಜುಲೈಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರಗಳ ಮುಂಚೆ, ಮೈಸೂರಿಗೆ ಹಿಂತಿರುಗಿತು. ಅಮೆರಿಕದ ಸೈನ್ಯವು ಯುದ್ಧಾನಂತರ ಬಿಟ್ಟುಕೊಟ್ಟ ಕಾರ್ಖಾನೆಯು ಆ ವೇಳೆಗೆ ಪೂರ್ವದೇಶಗಳಲ್ಲಿಯೇ ದೊಡ್ಡದಾದ ವಿಮಾನ ದುರಸ್ತಿಯ ಸ್ಥಳಗಳಲ್ಲಿ ಒಂದಾಗಿದ್ದಿತು. ಅಲ್ಲಿಯೇ ರಚಿತವಾದ ಎಚ್.ಟಿ. ೨ ಎಂಬ ಶಿಕ್ಷಣವಿಮಾನವು ೧೯೫೧ರಲ್ಲಿ ಬೆಂಗಳೂರಿನ ಮೇಲೆ ಮೊದಲು ಹಾರಿತು.