ಪಾರ್ಕಿನಲ್ಲಿ ತಂಪು ಪಾನೀಯದ ಯಂತ್ರ ಬೇಕೇ? ಒಪ್ಪುವ ಮುನ್ನ ಈ ಲೆಕ್ಕ ನೋಡಿ

"ವಾಕಿಂಗ್ ಮುಗಿಸಿ ಕೂಲ್‌ಡ್ರಿಂಕ್ಸ್ ಕುಡಿದರೆ ಶಕ್ತಿ ಮರಳುತ್ತದೆ, ಪಾರ್ಕಿನಲ್ಲೇ ಒಂದು ವೆಂಡಿಂಗ್ ಮಷಿನ್ ಇಟ್ಟರೇನು?" ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಎಷ್ಟು ನಿಜವಿದೆ ನೋಡೋಣ.

ಸಕ್ಕರೆ ಎಷ್ಟು?
300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ, ಅಂದರೆ ಏಳೆಂಟು ಟೀ ಚಮಚ ಸಕ್ಕರೆ ಇರುತ್ತದೆ. ಇದರಿಂದ ಸಿಗುವುದು ಸುಮಾರು 120 ಕ್ಯಾಲೊರಿ. ಅರ್ಧ ಗಂಟೆ ಬಿರುಸಾಗಿ ನಡೆದು ನಾವು ಕರಗಿಸುವುದೂ ಹೆಚ್ಚುಕಡಿಮೆ ಅಷ್ಟೇ! ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಸಾಮಾನ್ಯ ವಾಕಿಂಗ್ ನಂತರ ನೀರು ಸಾಕು.

ಇನ್ಸುಲಿನ್ ಪಡೆಯುವವರಿಗೆ ನಡೆಯುವಾಗ ಸಕ್ಕರೆ ಪ್ರಮಾಣ ಕುಸಿದರೆ ಸಿಹಿ ತಕ್ಷಣ ಬೇಕು, ನಿಜ. ಆದರೆ ಯಂತ್ರ ನಂಬುವುದಕ್ಕಿಂತ ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳುವುದೇ ಸುರಕ್ಷಿತ.

ಬಾಟಲಿ ಎಲ್ಲಿಗೆ?
2022ರ ಜುಲೈ 1ರಿಂದ ದೇಶದಲ್ಲಿ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಪಾನೀಯದ ಪೆಟ್ ಬಾಟಲಿ ಇಲ್ಲ. ಎಸೆದ ಬಾಟಲಿ ಹೆಕ್ಕುವ ಕೆಲಸ ಕೊನೆಗೆ ಬೀಳುವುದು ಪೌರಕಾರ್ಮಿಕರ ತಲೆಗೆ.

ಹಾಗಾದರೆ ಯಂತ್ರವೇ ಬೇಡವೇ?
ಹಾಗೇನಿಲ್ಲ. ನಿಮ್ಮ ಬಡಾವಣೆಯ ಸಭೆಯಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ:
1. ಉಚಿತ ಕುಡಿಯುವ ನೀರಿನ ನಲ್ಲಿ ಮೊದಲು ಬಂದಿದೆಯೇ?
2. ಯಂತ್ರದಲ್ಲಿ ನೀರು, ಸಿಹಿಯಿಲ್ಲದ ಮಜ್ಜಿಗೆ ಇರುತ್ತದೆಯೇ?
3. ಖಾಲಿ ಬಾಟಲಿ ಯಾರ ಹೊಣೆ?
4. ಗೇಟಿನ ಬಳಿ ಎಳನೀರು ಮಾರುವವರ ಗತಿಯೇನು?

ನಮ್ಮ ತೀರ್ಮಾನ: ಮೊದಲು ನಲ್ಲಿ, ಆಮೇಲೆ ಯಂತ್ರ. ನಿಮ್ಮ ವಾಕಿಂಗ್ ಗುಂಪಿಗೂ ಇದನ್ನು ಕಳುಹಿಸಿ.