ಕಾವಲು ಪಾಳುಭೂಮಿಯಲ್ಲ

ಕಡೂರು, ಅಜ್ಜಂಪುರ, ಚಳ್ಳಕೆರೆಯ ಕಡೆ ಊರಾಚೆ ಎತ್ತರದಲ್ಲಿ ದೊಡ್ಡ ದೊಡ್ಡ ಹುಲ್ಲು ಬಯಲುಗಳಿವೆ. ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಒಣಹುಲ್ಲು, ನೊರಜುಗಲ್ಲು, ಅಲ್ಲೊಂದು ಇಲ್ಲೊಂದು ಜಾಲಿಮರ, ಈಚಲ ಪೊದೆ. ಹೊಸಬರು ನೋಡಿ, "ಇಷ್ಟು ಭೂಮಿ ಪಾಳು ಬಿದ್ದಿದೆಯಲ್ಲ!" ಅಂತಾರೆ. ಪಾಳಲ್ಲ ಸ್ವಾಮಿ, ಅದು ಅಮೃತಮಹಲ್ ಕಾವಲು.

ಮೈಸೂರಿನ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅರಮನೆಯ ದನಗಳಿಗಾಗಿ ಅವರು ಕಟ್ಟಿದ ಇಲಾಖೆಗೆ 'ಬೆಣ್ಣೆ ಚಾವಡಿ' ಎಂದು ಹೆಸರು. ಅದನ್ನು 'ಅಮೃತಮಹಲ್' ಎಂದು ಕರೆದವನು ಟಿಪ್ಪು ಸುಲ್ತಾನ್. ಫಿರಂಗಿ, ದವಸ ಎಳೆಯಲು ಸೈನ್ಯಕ್ಕೆ ಈ ಎತ್ತುಗಳೇ ಬೇಕಿತ್ತು. ಇವುಗಳ ಬಲದಿಂದ ಹೈದರಾಲಿಯ ದಂಡು ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತೆಂದು ಹಳೆಯ ದಾಖಲೆಗಳು ಹೇಳುತ್ತವೆ.

ಆ ಕಸುವು ಎಲ್ಲಿಂದ ಬಂತು? ನೆಲದಿಂದ ಬಂತು, ನೆಲವನ್ನು ಬಳಸಿದ ರೀತಿಯಿಂದ ಬಂತು. ಕಾವಲುಗಳಲ್ಲಿ ಮೂರು ಬಗೆ: ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು. ಮಳೆ ಬಿದ್ದಾಗ ಹುಲ್ಲು ಚಿಗುರಿ, ಹಳ್ಳಗಳಲ್ಲಿ ನೀರು ನಿಲ್ಲುವ ಬಯಲಿಗೆ ದನ ಹೊಡೆಯುತ್ತಿದ್ದರು. ಬಿಸಿಲು ಏರಿದಾಗ ಕೆರೆಯಂಗಳ, ಮರದ ನೆರಳು ಇರುವ ಕಾವಲಿಗೆ ಬರುತ್ತಿದ್ದರು. ದನ ಆಚೆ ಹೋದಾಗ ಹುಲ್ಲು ಬೀಜ ಕಟ್ಟಿ ಉದುರಿಸುತ್ತಿತ್ತು, ಬೇರು ಬಲಿಯುತ್ತಿತ್ತು. ಆ ಬೇರೇ ತೆಳುಮಣ್ಣನ್ನು ಹಿಡಿದು, ಮಳೆನೀರನ್ನು ನೆಲಕ್ಕಿಳಿಸುವುದು. ಈ ಹುಲ್ಲನ್ನೇ ನಂಬಿ ಕೃಷ್ಣಮೃಗವೂ ಬದುಕಿತು, ತೋಳವೂ ಬದುಕಿತು.

1860ರಲ್ಲಿ ಇಂಗ್ಲಿಷರು ಖರ್ಚು ಉಳಿಸಲು ಮಂದೆಯನ್ನು ಮಾರಿಬಿಟ್ಟರು. ಒಳ್ಳೆಯ ಎತ್ತಿಗೆ ಬರ ಬಂತು. 1866ರಲ್ಲಿ ಮತ್ತೆ ದನ ಕೂಡಿಸಬೇಕಾಯಿತು. ದನ ಹೋದರೂ ಕಾವಲು ಉಳಿದಿದ್ದರಿಂದ ಅದು ಸಾಧ್ಯವಾಯಿತು. ಕಾವಲೇ ಹೋದರೆ?

ಕಾಲಕ್ರಮದಲ್ಲಿ ಎಷ್ಟೋ ಕಾವಲು ಉಳುಮೆಗೆ, ನೆಡುತೋಪಿಗೆ ಸೇರಿತು. 2008ರಿಂದ 2010ರ ನಡುವೆ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲನ್ನು ರಕ್ಷಣೆ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ದನ, ಕುರಿ ಮೇಯಿಸಿ ಬಾಳುತ್ತಿದ್ದ ಸುತ್ತಲ ಹಳ್ಳಿಗಳಿಗೆ ಮೇವಿನ ನೆಲ ತಪ್ಪಿತು. ಇನ್ನೊಂದು ಕಡೆ, ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿದರು.

ನಿಮ್ಮೂರಿನ ಗೋಮಾಳಕ್ಕೂ ಇದೇ ಮಾತು. ಒಂದು ಭಾಗ ಮೇಯಿಸಿ, ಒಂದು ಭಾಗಕ್ಕೆ ಬಿಡುವು ಕೊಡಿ. ಬೀಜ ಉದುರುವ ತನಕ ಅತ್ತ ದನ ಬಿಡಬೇಡಿ. ಹತ್ತು ಜನ ಕೂತು ಕಟ್ಟು ಮಾಡಿಕೊಂಡರೆ ಸಾಕು. ಪಾಳು ಅನ್ನುವ ಮಾತನ್ನು ಮಾತ್ರ ಬಿಟ್ಟುಬಿಡಿ. ಆ ಹೆಸರು ಬಿದ್ದ ನೆಲ ಕೈಬಿಟ್ಟು ಹೋಗೋದು ಸುಲಭ.