ವಾರ್ಟನ್ ಶಾಲೆ ಮತ್ತು ಏಳನೆಯ ವಾರ್ಡು

ಅಮೆರಿಕದ ವಿಶ್ವವಿದ್ಯಾಲಯವೊಂದರ ಮೊದಲ ವಾಣಿಜ್ಯ ಶಾಲೆ ಎಂದು ಹೆಸರಾದ ವಾರ್ಟನ್ ಹುಟ್ಟಿದ್ದು 1881ರಲ್ಲಿ, ಫಿಲಡೆಲ್ಫಿಯಾದಲ್ಲಿ. ಸತು, ನಿಕ್ಕಲ್, ಕಬ್ಬಿಣದ ಉದ್ಯಮಗಳಲ್ಲಿ ಸಿರಿವಂತರಾದ ಜೋಸೆಫ್ ವಾರ್ಟನ್ ಅದಕ್ಕಾಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ 1 ಲಕ್ಷ ಡಾಲರ್ ಕೊಟ್ಟರು. ದೇಶದ ಕೈಗಾರಿಕೆಯನ್ನು ಕಾಯುವ ಆಮದು ಸುಂಕವನ್ನು ಶಾಲೆ ಎತ್ತಿಹಿಡಿಯಬೇಕು ಎಂಬುದು ದಾನಿಯ ಅಪೇಕ್ಷೆ. ಈ ಶಾಲೆಯ ಚರಿತ್ರೆಯನ್ನು ಲೆಕ್ಕಪತ್ರ, ಬ್ಯಾಂಕಿಂಗ್ ಪಾಠಗಳ ಬೆಳವಣಿಗೆಯಾಗಿ ಹೇಳುವುದು ರೂಢಿ. ಆದರೆ ಅದರ ಮೊದಲ ದಶಕಗಳು ತಿಳಿಯಬೇಕಾದರೆ ನಗರದ ಬೀದಿಗಿಳಿಯಬೇಕು.

ಜರ್ಮನಿಯಲ್ಲಿ ಓದಿ ಬಂದಿದ್ದ, ಶಾಲೆಯ ಅಧ್ಯಾಪಕ ಎಡ್ಮಂಡ್ ಜೇಮ್ಸ್ 1886ರಲ್ಲಿ ಬರೆದ ಪ್ರಬಂಧದ ವಸ್ತು ನಗರಗಳ ಅನಿಲ ಪೂರೈಕೆ. ಅದು ನಗರಾಡಳಿತದ ಕೈಯಲ್ಲೇ ಇರಬೇಕೆಂದು ಅವರು ವಾದಿಸಿದರು. 1893ರ ಹೊತ್ತಿಗೆ ವಿದ್ಯಾರ್ಥಿಗಳೇ ಫಿಲಡೆಲ್ಫಿಯಾದ ಆಡಳಿತವನ್ನು ಕುರಿತು ಪುಸ್ತಕ ಹೊರತಂದರು.

ಈ ಪರಂಪರೆಯ ಶಿಖರ ಡಬ್ಲ್ಯು.ಇ.ಬಿ. ಡು ಬೋಯ್ಸ್ ಅವರ ಕೆಲಸ. ಹಿಂದಿನ ವರ್ಷವಷ್ಟೇ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದಿದ್ದ ಅವರನ್ನು 1896ರಲ್ಲಿ ವಿಶ್ವವಿದ್ಯಾಲಯ ಕರೆಸಿಕೊಂಡಿತು. ಕೊಟ್ಟ ಹುದ್ದೆ ಸಮಾಜಶಾಸ್ತ್ರದ ಸಹಾಯಕ, ಅಷ್ಟೆ. ಪಾಠ ಮಾಡಲು ತರಗತಿಯಿಲ್ಲ; ಕೆಲಸ ನಗರದ ಕಪ್ಪು ಜನರ ಅಧ್ಯಯನ. ಆಗಷ್ಟೇ ಮದುವೆಯಾಗಿದ್ದ ಡು ಬೋಯ್ಸ್ ಪತ್ನಿ ನೀನಾ ಜೊತೆ ಏಳನೆಯ ವಾರ್ಡಿನಲ್ಲಿ, ಊಟದ ಅಂಗಡಿಯೊಂದರ ಮೇಲಿನ ಒಂದೇ ಕೋಣೆಯಲ್ಲಿ ನೆಲೆಸಿದರು. ಆ ವಾರ್ಡಿನಲ್ಲಿದ್ದ ಕಪ್ಪು ಜನ 9,675. ಸುಮಾರು 2,500 ಮನೆಗಳ ಬಾಗಿಲು ತಟ್ಟಿ, ಕುಟುಂಬಕ್ಕೊಂದು, ಮನೆಗೊಂದು, ಬೀದಿಗೊಂದು ಪ್ರಶ್ನಾವಳಿ ಹಿಡಿದು ಅವರು ಒಬ್ಬರೇ ಮಾಹಿತಿ ಕಲೆಹಾಕಿದರು. ಬಾಡಿಗೆ ಎಷ್ಟು, ಕೂಲಿ ಎಷ್ಟು, ಯಾವ ಊರಿಂದ ಬಂದಿರಿ, ಯಾವ ಕೆಲಸ ಬಲ್ಲಿರಿ, ಯಾವ ಕೆಲಸ ಸಿಕ್ಕಿತು?

ಈ ಕೊನೆಯ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ 1899ರ ‘ದಿ ಫಿಲಡೆಲ್ಫಿಯಾ ನೀಗ್ರೋ’ ಗ್ರಂಥದ ತಿರುಳಿದೆ. ನಗರ ಕೆಟ್ಟಿರುವುದು ಕಪ್ಪು ಜನರಿಂದಲೇ ಎಂಬ ನಂಬಿಕೆ ಸುಧಾರಕರಲ್ಲೂ ಇತ್ತು. ಡು ಬೋಯ್ಸ್ ತೋರಿಸಿದ್ದು ಬೇರೆ: ಕಸುಬು ಕಲಿತವರನ್ನು ಕಾರ್ಖಾನೆ ಸೇರಿಸುವುದಿಲ್ಲ, ಓದಿದವರಿಗೆ ಗುಮಾಸ್ತಿಕೆ ಸಿಗುವುದಿಲ್ಲ, ಉಳಿಯುವುದು ಮನೆಗೆಲಸ, ಹರಕು ಮನೆಗೂ ಬಾಡಿಗೆ ದುಬಾರಿ. ವ್ಯಾಪಾರವನ್ನು ಕಲಿಸುವ ಶಾಲೆಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿತ್ತು? ನನ್ನ ದೃಷ್ಟಿಯಲ್ಲಿ ವಾರ್ಟನ್‌ನ ಮೊದಲ ದೊಡ್ಡ ಗ್ರಂಥ ಇದೇ. ಆದರೂ ಡು ಬೋಯ್ಸ್ ಅವರಿಗೆ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. ಅವರು ಅಟ್ಲಾಂಟಾಕ್ಕೆ ಹೊರಟರು. ವಿಶ್ವವಿದ್ಯಾಲಯ ಗೌರವ ಪ್ರಾಧ್ಯಾಪಕ ಪದವಿ ಕೊಟ್ಟದ್ದು 2012ರಲ್ಲಿ, ಅವರು ತೀರಿಕೊಂಡು ಸುಮಾರು ಅರ್ಧ ಶತಮಾನವಾದ ಮೇಲೆ.

ನಗರವನ್ನು ಓದುವುದಕ್ಕೂ ಉದ್ಯಮಿಗಳ ಮನಸ್ಸು ನೋಯಿಸುವುದಕ್ಕೂ ನಡುವಿನ ಗೆರೆ ಶಾಲೆಯ ಒಳಗೂ ತೆಳುವಾಗಿತ್ತು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಊರೂರಲ್ಲಿ ಭಾಷಣ ಮಾಡುತ್ತಿದ್ದ ಅರ್ಥಶಾಸ್ತ್ರದ ಅಧ್ಯಾಪಕ ಸ್ಕಾಟ್ ನಿಯರಿಂಗ್ ಅವರನ್ನು ಮುಂದುವರಿಸಿ ಎಂದು ಸಹೋದ್ಯೋಗಿಗಳು ಶಿಫಾರಸು ಮಾಡಿದ್ದರೂ 1915ರ ಜೂನ್‌ನಲ್ಲಿ ಧರ್ಮದರ್ಶಿಗಳು ಕೆಲಸದಿಂದ ತೆಗೆದರು. ಎರಡು ವರ್ಷಗಳ ನಂತರ ಅವರ ಗುರು ಸೈಮನ್ ಪ್ಯಾಟನ್ ಅವರಿಗೆ 65 ತುಂಬಿತು. ಅವರ ಸೇವೆಯನ್ನೂ ವಿಸ್ತರಿಸಲಿಲ್ಲ.